ಪರದೆಯಕ್ಕ ಮತ್ತು ಬಣ್ಣ ಕಾಣದ ಹಡಗುಗಳು

ಪರದೆಯಕ್ಕನಿಗೆ ಮರದ ಮೇಲೆ ಸಿಟ್ಟಿರಲಿಲ್ಲ, ಧೂಳಿನ ಮೇಲಿತ್ತು. ಆದರೆ ಅವಳ ಮನೆಯಲ್ಲಿ ಇವೆರಡೂ ಒಂದೇ ಕಡೆ ಸೇರಿಕೊಂಡಿದ್ದವು: ಮುಂದಿನ ಕೋಣೆಯ ಗೋಡೆಗೆ ಹೊಡೆದ ಹಲಗೆಗಳ ಮೇಲೆ, ಅವಳ ತಮ್ಮ ಜೋಡಿಸಿಟ್ಟ ಮರದ ಮಾದರಿಗಳ ಸಾಲಿನಲ್ಲಿ. ಹಾಯಿಹಡಗು, ಉಗಿಬಂಡಿ, ಗಾಳಿಗಿರಣಿ, ಸೇತುವೆ. ಪೆಟ್ಟಿಗೆಯಲ್ಲಿ ತುಂಡು ತುಂಡಾಗಿ ಬರುವ ತೆಳು ಮರವನ್ನು ಬಿಡಿಸಿ, ಅಂಚು ಉಜ್ಜಿ, ಗೋಂದು ಹಚ್ಚಿ ನಿಲ್ಲಿಸುವುದು ಅವನ ರಜೆದಿನದ ಹುಚ್ಚು. ಒಂದಕ್ಕೂ ಬಣ್ಣವಿಲ್ಲ. ಬರೀ ಮರದ ಮೇಲೆ ಧೂಳು ಕೂತರೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಒದ್ದೆ ಬಟ್ಟೆ ಮುಟ್ಟಿಸಿದರೆ ಮರ ಊದಿಕೊಳ್ಳುತ್ತದೆ. ಹಾಗಾಗಿ ಅಕ್ಕ ಒಣ ಬ್ರಷ್ಷು ಹಿಡಿದು ಹಡಗಿನ ಒಂದೊಂದು ಹಗ್ಗ, ಬಂಡಿಯ ಒಂದೊಂದು ಚಕ್ರ ಕೊಡವಬೇಕಿತ್ತು.

ವಾರವಿಡೀ ಅವಳು ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವಳು. ಕಿಟಕಿಗೆ, ಬಾಗಿಲಿಗೆ, ಆಸ್ಪತ್ರೆಯ ಮಂಚದ ಸುತ್ತ ಕಟ್ಟುವುದಕ್ಕೆ, ಎಲ್ಲಕ್ಕೂ ಪರದೆ. ಬೀದಿಯವರಿಗೆ ಅವಳ ಹೆಸರು ಮರೆತೇ ಹೋಗಿ ಪರದೆಯಕ್ಕ ಎಂದು ನಿಂತುಬಿಟ್ಟಿತ್ತು. ಭಾರದ ಬಟ್ಟೆ ಎಳೆದೂ ಎಳೆದೂ ಭುಜ ಬಿದ್ದಿತ್ತು, ಮೆಟ್ಟಿಲು ಕಂಡರೆ ಮಂಡಿ ಗೊಣಗುತ್ತಿತ್ತು. ಸಿಗುವ ಒಂದು ರಜೆಯ ಬೆಳಗ್ಗೆಯೂ ಹಡಗಿನ ಧೂಳು ಹೊಡೆಯುವುದರಲ್ಲೇ ಹೋದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ?

“ಒಂದು ಕೋಟ್ ಬಣ್ಣ ಬಳಿದ್ರೆ ನಿನ್ನ ಗಂಟೇನು ಹೋಗುತ್ತೋ? ಊರವರ ಕಾರಿಗೆಲ್ಲ ಬಳೀತೀಯ.”

ಮಾತೇನೂ ಸುಳ್ಳಲ್ಲ. ತಮ್ಮ ಒಂದು ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವವನು. ಗುದ್ದಿಸಿಕೊಂಡು ಬಂದ ಬಾಗಿಲಿನ ತಗ್ಗಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಸ್ಪ್ರೇ ಗನ್ ಹಿಡಿದು ಬಣ್ಣ ಹೊಡೆದನೆಂದರೆ, ಗುದ್ದಿದವನಿಗೇ ತಾನೆಲ್ಲಿ ಗುದ್ದಿದೆನೆಂದು ಗೊತ್ತಾಗುತ್ತಿರಲಿಲ್ಲ. ಅಕ್ಕನಿಗೆ ಅವನದು ಯಾವಾಗಲೂ ಒಂದೇ ಉತ್ತರ.

“ಇಡೀ ದಿನ ಬೇರೆಯವರ ತಪ್ಪು ಮುಚ್ಚಿ ಬರ್ತೀನಕ್ಕ. ಮನೇಲಾದ್ರೂ ಮುಚ್ಚುಮರೆ ಇಲ್ಲದ್ದು ಒಂದಿರ್ಲಿ ಬಿಡು.”

ಬರೀ ಮರದಲ್ಲಿ ಒಂದು ಹನಿ ಗೋಂದು ಹೆಚ್ಚಾದರೂ ಕಲೆಯಾಗಿ ಕೂರುತ್ತದೆ, ಸಂದು ಕೂದಲೆಳೆಯಷ್ಟು ತಪ್ಪಿದರೂ ಎದ್ದು ಕಾಣುತ್ತದೆ. ಅವನ ಸಾಲಿನಲ್ಲಿ ಅಂಥ ಕಲೆ ಹುಡುಕಿದರೂ ಸಿಗುತ್ತಿರಲಿಲ್ಲ. ಅದೊಂದು ಅವನ ಜಂಬ, ಬೇರೆ ಜಂಬಕ್ಕೆ ಆ ಮನೆಯಲ್ಲಿ ಆಸ್ಪದವೂ ಇರಲಿಲ್ಲ. ಅಕ್ಕನಿಗೂ ಮದುವೆಯಾಗಿರಲಿಲ್ಲ, ತಮ್ಮನಿಗೂ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ಸುಸ್ತಾಗಿ ಸುಮ್ಮನಾಗಿದ್ದರು.

ಬೀದಿಯಲ್ಲಿ ನಡೆಯುವಾಗ ನಿಲ್ಲಿಸಿದ ಕಾರುಗಳನ್ನು ತೋರಿಸಿ ಅವನು ಅಕ್ಕನಿಗೂ ತನ್ನ ಕಸುಬಿನ ಪಾಠ ಹೇಳುತ್ತಿದ್ದ. ಕಣ್ಣು ಮುಚ್ಚಿ ಬೆರಳು ಆಡಿಸಬೇಕು; ಬಣ್ಣ ಕಣ್ಣಿಗೆ ಮಣ್ಣೆರಚಬಹುದು, ಬೆರಳಿಗೆ ಮಾತ್ರ ಪುಟ್ಟಿಯ ಉಬ್ಬು ಸಿಕ್ಕೇ ಸಿಗುತ್ತದೆ. ಬಟ್ಟೆಯ ಎಳೆ ಎಳೆ ಬಲ್ಲ ಬೆರಳು ಅವಳದು, ಬೇಗ ಕಲಿತಳು. ಯಾರದೋ ಕಾರನ್ನು ಕಣ್ಣು ಮುಚ್ಚಿ ಸವರುತ್ತ ನಿಂತ ಅಕ್ಕತಮ್ಮಂದಿರನ್ನು ಕಂಡು ಕಾವಲುಗಾರನೊಬ್ಬ ಗದರಿಸಿ ಓಡಿಸಿದ್ದೂ ಉಂಟು.

ಈ ವರ್ಷ ಅವಳು ಅಂಗಡಿ ಬಿಡುವುದೆಂದು ಆಗಿತ್ತು. ತಮ್ಮನದೇ ಒತ್ತಾಯ. ಹೊಲಿದದ್ದು ಸಾಕು, ತನ್ನ ದುಡಿಮೆಯಲ್ಲಿ ಇಬ್ಬರ ಹೊಟ್ಟೆ ನಡೆಯುತ್ತದೆ ಎಂದು ಅವನು ದಿನಾ ಪೀಡಿಸುತ್ತಿದ್ದ. ಅಂಗಡಿಯ ಯಜಮಾನರ ಮುಂದೆ ಹೇಳಬೇಕಾದ ಮಾತನ್ನು ಅವಳು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಿದ್ದಳು. ಬೆಳಗ್ಗೆ ತಡವಾಗಿ ಎದ್ದರೆ ಹೇಗಿರುತ್ತದೆ ಎಂದು ಯೋಚಿಸುವುದೇ ಅವಳಿಗೊಂದು ಸುಖವಾಗಿತ್ತು.

ಅಷ್ಟರಲ್ಲಿ ಒಂದು ಸಂಜೆ ತಮ್ಮ ಒಂದು ಮೀನುದೋಣಿಯನ್ನು ತಂದು ಹಲಗೆಯ ಮೇಲಿಟ್ಟ. ಗ್ಯಾರೇಜಿನಲ್ಲೇ ಕೂತು ಮುಗಿಸಿದನಂತೆ. ಮೈತುಂಬ ಬಣ್ಣ, ಟ್ಯಾಕ್ಸಿಗೆ ಹೊಡೆದು ಉಳಿದ ಹಳದಿ. ನೀನೇ ಗೆದ್ದೆ ಬಿಡು ಎಂದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮೀನು ಹಿಡಿಯುವುದಕ್ಕೂ ಮೀಟರ್ ಹಾಕಿಕೊಂಡೇ ಹೋಗುತ್ತದೋ ಎಂದು ಕೇಳಿದಳು. ಅದರ ಬೆನ್ನಿಗೇ ಒಂದು ಪುಟ್ಟ ಮನೆ ಬಂತು, ಯಾವ ಸಾಹುಕಾರನ ಕಾರಿನದೋ ಕೆಂಪು ಹೊದ್ದುಕೊಂಡು. ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಥಳಥಳ. ಇಷ್ಟು ವರ್ಷ ವಾದ ಮಾಡಿದ್ದಕ್ಕೂ ಸಾರ್ಥಕವಾಯಿತು ಅಂದುಕೊಂಡಳು.

ಮುಂದಿನ ರಜೆಯ ಮಧ್ಯಾಹ್ನ ಅವಳು ದೋಣಿಯನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದಳು. ಕಣ್ಣು ಕಿಟಕಿಯ ಹೊರಗಿತ್ತು, ಮನಸ್ಸು ನಾಳೆ ಯಜಮಾನರಿಗೆ ಹೇಳುವ ಮಾತಿನಲ್ಲಿತ್ತು. ಬೆರಳು ತಾನಾಗಿ ನಿಂತಿತು. ಬಟ್ಟೆ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಮತ್ತೆ ಸವರಿದಳು. ಹಲಗೆಗೆ ಹಲಗೆ ಸೇರುವ ಕಡೆಯಲ್ಲೆಲ್ಲ ಉಬ್ಬು. ಕೆಂಪು ಮನೆಯನ್ನೂ ಇಳಿಸಿ ನೋಡಿದಳು. ಅದರ ಮೂಲೆ ಮೂಲೆಗೂ ಪುಟ್ಟಿ.

ಸಂದು ತಪ್ಪದ ಕೈಗೆ ಪುಟ್ಟಿ ಯಾಕೆ ಬೇಕಾಯಿತು? ಇತ್ತೀಚೆಗೆ ಅವನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ, ಚಳಿ ಅಂದುಕೊಂಡಿದ್ದಳು. ಗುಂಡಿಯ ಅಂಗಿ ಬಿಟ್ಟು ಟೀ ಶರ್ಟನ್ನೇ ತಲೆಯಿಂದ ಎಳೆದುಕೊಂಡು ಹೋಗುತ್ತಿದ್ದ. ವಯಸ್ಸಾದ ಮೇಲೆ ಶೋಕಿ ಎಂದು ಗೇಲಿ ಮಾಡಿದ್ದಳು.

ತಮ್ಮ ಸ್ನಾನ ಮುಗಿಸಿ ಬಂದಾಗ ಎರಡು ಮಾದರಿಗಳೂ ಅವಳ ಮಡಿಲಲ್ಲಿದ್ದವು. ಕೈ ತೋರಿಸು ಎಂದಳು. ಭವಿಷ್ಯ ಹೇಳುತ್ತೀಯಾ ಎಂದು ಅವನು ನಗಲು ನೋಡಿದ. ಅಕ್ಕ ನಗಲಿಲ್ಲ. ಕೊನೆಗೆ ಬಲಗೈ ಚಾಚಿದ. ಫ್ಯಾನಿನ ಕೆಳಗಿನ ಪರದೆಯಂಚಿನಂತೆ ಅದು ಸಣ್ಣಗೆ, ಬಿಡದೆ ನಡುಗುತ್ತಿತ್ತು.

ಆಮೇಲೆ ಒಂದೊಂದೇ ಹೊರಬಂತು. ಹೋದ ವರ್ಷದಿಂದಲೇ ಹೀಗೆ. ಗ್ಯಾರೇಜಿನವರು ಅವನ ಕೈಯಿಂದ ಸ್ಪ್ರೇ ಗನ್ ತೆಗೆದುಕೊಂಡು ಉಪ್ಪುಕಾಗದ ಕೊಟ್ಟಿದ್ದರು, ಈಗ ಅದೂ ಎಷ್ಟು ದಿನವೋ. ದೋಣಿಗೂ ಮನೆಗೂ ಬಣ್ಣ ಹೊಡೆದುಕೊಟ್ಟವನು ಜೊತೆಯ ಕೆಲಸಗಾರ.

“ನನ್ನ ಹತ್ರ ಯಾಕೋ ಮುಚ್ಚಿಟ್ಟೆ?”

“ನೀನು ಅಂಗಡಿ ಬಿಡೋವರೆಗೂ ಗೊತ್ತಾಗಬಾರ್ದು ಅನ್ಕೊಂಡೆ. ಗೊತ್ತಾದ್ರೆ ನೀನು ಬಿಡಲ್ಲ ಅಲ್ವಾ.”

ಅವಳಿಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ. ಆಮೇಲೆ ಎದ್ದು, ಕಪಾಟಿನಲ್ಲಿದ್ದ ಹೊಸ ಪೆಟ್ಟಿಗೆ ತಂದು ಅವನ ಮುಂದೆ ಬಿಚ್ಚಿದಳು. ದೀಪಸ್ತಂಭದ್ದು.

“ಇದಕ್ಕೆ ಬಣ್ಣ ಬೇಡ.”

“ಕಲೆ ಬೀಳುತ್ತಕ್ಕ.”

“ಬೀಳ್ಲಿ. ಧೂಳು ಹೊಡೆಯೋಳು ನಾನು ತಾನೇ?”

ಮರದ ತುಂಡನ್ನು ಅವಳು ಅಲ್ಲಾಡದಂತೆ ಹಿಡಿದಳು, ಅವನು ಗೋಂದು ಹಚ್ಚಿದ. ಮೊದಲ ಸಂದಿನಲ್ಲೇ ಒಂದು ಹನಿ ಹೆಚ್ಚಾಗಿ ಹರಿದು ಮರದೊಳಗೆ ಇಂಗಿತು. ಒರೆಸಲು ಹೋದ ಅವನ ಕೈಯನ್ನು ಅಕ್ಕ ಹಿಡಿದುಕೊಂಡಳು. ನಡುಕ ಅವಳ ಕೈಗೂ ಹತ್ತಿತು, ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗಬೇಕು ಎಂದಳು; ಅವನು ಹೂಂಗುಟ್ಟಿದ.

ಮರುದಿನ ಅವಳು ಎಂದಿನ ಹೊತ್ತಿಗೇ ಎದ್ದು ಅಂಗಡಿಗೆ ಹೋಗಿ ಯಂತ್ರದ ಮುಂದೆ ಕೂತಳು. ಆಸ್ಪತ್ರೆಯ ಹಸಿರು ಬಟ್ಟೆಯ ದೊಡ್ಡ ಗಂಟು ಬಂದಿತ್ತು. ಯಜಮಾನರು ಬಂದು, ಏನೋ ಮಾತಾಡಬೇಕು ಅಂದಿದ್ದೆಯಲ್ಲಮ್ಮ ಎಂದು ಕೇಳಿದರು.

ಹಸಿರು ದಾರ ಮುಗಿದಿದೆ, ತರಿಸಿ ಎಂದಳು.