ಅಂಕಲ್ ಹೇಳದೆ ಉಳಿಸಿದ ಮೂರನೆಯ ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬಾಯಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದ ಹಿರಿಯರೊಬ್ಬರ ದನಿಯನ್ನು ಕದ್ದು, ಅವರ ಮನೆಯ ಸೋಫಾದಲ್ಲೇ ಕೂತು, ಅವರ ಫೋನಿನಿಂದಲೇ ದೇವರ ವಾಕ್ಯಕ್ಕೆ ಅರ್ಥ ಹೇಳಿದ ಮೂರ್ಖ ನಾನೇ. ಅದಕ್ಕೆ ನನಗೆ ಸಿಕ್ಕ ಬಹುಮಾನ ಒಂದು ಜಾಲರಿ ಸೌಟು. ಕುದಿಯುವ ಎಣ್ಣೆಯಿಂದ ಕರಿದದ್ದನ್ನು ಎತ್ತುವ, ಹಿಡಿ ಕೊಂಚ ಸಡಿಲಾದ, ನಿಮ್ಮ ಮನೆಯಲ್ಲೂ ಇರುವಂಥದೇ ಸೌಟು. ಮುಂಗೈ ಮೇಲಿನ ಎಣ್ಣೆಯ ಕಲೆಗಳನ್ನು ನೋಡಿ ಆಫೀಸಿನ ಗೆಳೆಯರು ಏನಾಯಿತೆಂದು ಕೇಳಿದರೆ, ಬೈಬಲ್ ಅಧ್ಯಯನ ಮಾಡುವಾಗ ಆದದ್ದು ಎನ್ನುತ್ತೇನೆ. ಸುಳ್ಳೇನಲ್ಲ.

ತಿರುವನಂತಪುರದ ಶ್ರೀಕಾರ್ಯಂನಲ್ಲಿ ಶಾಲಿನಿ ಅಕ್ಕನ ಫ್ಲ್ಯಾಟ್ ಇದೆ. ಅಕ್ಕ ಕುಂದಾಪುರದ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ಸಾಲ ಕೇಳಲು ಬಂದ ದೊಡ್ಡ ದೊಡ್ಡ ಮೀಸೆಗಳು ಅವರ ಮೇಜಿನ ಮುಂದೆ ಇಳಿಬೀಳುವುದನ್ನು ನಾನೇ ಕಂಡಿದ್ದೇನೆ. ಪ್ರತಿ ಶನಿವಾರ ಸಂಜೆ ಅವರ ಮನೆಯಲ್ಲಿ ನಾವು ಕೆಲವು ಕನ್ನಡದ ಕ್ರೈಸ್ತರು ಸೇರುತ್ತೇವೆ. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು, ನನ್ನಂತೆ ಐಟಿ ಪಾರ್ಕಿನಲ್ಲಿ ಕಣ್ಣು ಸವೆಸುವವರು. ಭಾನುವಾರದ ಆರಾಧನೆಯಲ್ಲಿ ಮಲಯಾಳದ ಹಾಡಿಗೆ ತುಟಿಯಾಡಿಸುವ ಪಾಪಕ್ಕೆ ಶನಿವಾರವೇ ಮುಂಗಡವಾಗಿ ಕನ್ನಡದಲ್ಲಿ ಒಂದು ಅಧ್ಯಾಯ ಓದಿ, ಅದರ ಅರ್ಥವೇನೆಂದು ಜಗಳವಾಡುವುದು ನಮ್ಮ ಪ್ರಾಯಶ್ಚಿತ್ತ. ಕೊಚ್ಚಿಯಲ್ಲಿರುವವರು ಫೋನಿನ ಮೂಲಕ ಅಕ್ಕನ ಟಿವಿಯೊಳಗೆ ಬಂದು ಕೂರುತ್ತಾರೆ. ಅವರಲ್ಲಿ ಮುಖ್ಯರು ಎಲಿಯಾಸ್ ಅಂಕಲ್.

ಅಂಕಲ್ ಧಾರವಾಡದವರು. ಕೊಚ್ಚಿಯ ಪಕ್ಕದ ಏಲೂರಿನ ಗೊಬ್ಬರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಗದ್ದಲವನ್ನು ಮೀರಿ ಮಾತಾಡಿ ಮಾತಾಡಿ, ನಿವೃತ್ತರಾದ ಮೇಲೂ ಎದುರಿಗಿರುವವರನ್ನು ಯಂತ್ರವೆಂದೇ ಭಾವಿಸಿದವರು. ಅವರ ಮನೆಯಲ್ಲಿ ನೆಟ್‌ವರ್ಕ್ ಬಡಕಲಾದ್ದರಿಂದ ಕ್ಯಾಮೆರಾ ಸದಾ ಬಂದ್. ಟಿವಿಯ ಕಪ್ಪು ಪರದೆಯಿಂದ ದನಿ ಮಾತ್ರ ಗುಡುಗುತ್ತದೆ, ಬೈಬಲಿನ ದೇವರು ಸೀನಾಯಿ ಬೆಟ್ಟದ ಮೋಡದೊಳಗಿಂದ ಮಾತಾಡಿದಂತೆ. ನಮ್ಮ ಪದ್ಧತಿ ಹೀಗೆ: ಅಧ್ಯಾಯ ಓದಿದ ಮೇಲೆ, ಕೂತ ಸಾಲಿನಲ್ಲೇ ಒಬ್ಬೊಬ್ಬರಾಗಿ ಆ ಭಾಗ ತಮಗೇನು ಹೇಳಿತೆಂದು ಹೇಳಬೇಕು, ಕಟ್ಟಕಡೆಗೆ ಅಂಕಲ್ ಕೆಮ್ಮಿ, “ಪ್ರಿಯರೇ, ಇಲ್ಲಿ ಮೂರು ಮಾತು ಅದಾವ ನೋಡ್ರಿ” ಎಂದು ಆರಂಭಿಸುತ್ತಾರೆ. ಆಮೇಲೆ ಯಾರೂ ಉಸಿರೆತ್ತುವಂತಿಲ್ಲ. ವಿಚಿತ್ರವೆಂದರೆ ಎರಡನೆಯ ಮಾತಿನಲ್ಲೇ ಅವರು ಎಲ್ಲೋ ಕಾಡು ಹೊಕ್ಕು, ಪ್ರಾರ್ಥನೆಯ ದಡದಲ್ಲಿ ಹೊರಬೀಳುತ್ತಾರೆ. ಮೂರನೆಯ ಮಾತನ್ನು ಇಂದಿನವರೆಗೆ ಯಾರೂ ಕೇಳಿಲ್ಲ. ಅದು ಪರಲೋಕದಲ್ಲಿ ಸಿಗಬಹುದೆಂದು ನಾವು ನಂಬಿದ್ದೇವೆ.

ನಾನು ಅನುಕರಣೆಯ ಹುಚ್ಚಿನವ. ಅಂಕಲ್, ಬಿಷಪ್ಪರು, ನನ್ನ ಮ್ಯಾನೇಜರು, ತಂಪಾನೂರಿನ ಬಸ್ ಸ್ಟ್ಯಾಂಡಿನ ಪ್ರಕಟಣೆಯ ಹೆಂಗಸು, ಯಾರನ್ನೂ ಬಿಟ್ಟವನಲ್ಲ. ಮೈಸೂರಿನ ಅಮ್ಮನಿಗೆ ಫೋನಿನಲ್ಲಿ ನನ್ನ ಸ್ವಂತ ದನಿ ಕೇಳಿದರೆ ಅನುಮಾನವಾಗಿ, ನಿಜವಾಗಿ ಯಾರು ಮಾತಾಡ್ತಿರೋದು ಎಂದು ವಿಚಾರಿಸುತ್ತಾಳೆ. ಒಮ್ಮೆ ನಾವು ಬಿಳಾಮನ ಕಥೆಯನ್ನು ಪಾತ್ರ ಹಂಚಿಕೊಂಡು ಓದಿದೆವು. ಪ್ರವಾದಿ ಬಿಳಾಮನು ಕತ್ತೆಯೇರಿ ಹೊರಟಾಗ ದಾರಿಗಡ್ಡವಾಗಿ ನಿಂತ ದೇವದೂತ ಅವನಿಗೆ ಕಾಣಲಿಲ್ಲ, ಕತ್ತೆಗೆ ಕಂಡಿತು. ಮುಂದೆ ಹೋಗಲೊಲ್ಲದ ಕತ್ತೆಯನ್ನು ಅವನು ಬಡಿದ. ಆಗ ದೇವರು ಕತ್ತೆಯ ಬಾಯಿ ತೆರೆಸಿ ಮಾತಾಡಿಸಿದ. ಕತ್ತೆಯ ಪಾತ್ರ ಯಾರಿಗೆ ಎಂಬ ಪ್ರಶ್ನೆ ಬಂದಾಗ ನಮ್ಮ ಗುಂಪಿನಲ್ಲಿ ಎಂದೂ ಇಲ್ಲದ ಒಮ್ಮತ ಮೂಡಿತು. ಅಂದಿನಿಂದ ಮನೆಯ ಮಕ್ಕಳಿಗೆ ನಾನು ‘ಕಳುದ ಚೇಟ್ಟ’, ಅಂದರೆ ಮಲಯಾಳದಲ್ಲಿ ಕತ್ತೆಯಣ್ಣ.

ಇಷ್ಟೆಲ್ಲ ಅರ್ಥಗಳು ಅರಳುತ್ತಿದ್ದಾಗ ಅಕ್ಕ ಎಲ್ಲಿರುತ್ತಿದ್ದರು? ಒಳಗೆ, ಬಾಣಲೆಯ ಮುಂದೆ. ನೇಂದ್ರಬಾಳೆಯನ್ನು ಸೀಳಿ ಹಿಟ್ಟಿನಲ್ಲದ್ದಿ ಪಳಂಪೊರಿ ಕರಿಯುತ್ತ. ಮನೆ ಅವರದು, ಟಿವಿ ಅವರದು, ಸರದಿ ಮಾತ್ರ ಅವರದಲ್ಲ. ಒಮ್ಮೆ ಅಡುಗೆಮನೆಯಿಂದಲೇ ಏನೋ ಕೇಳಹೋದಾಗ, ಮೊದಲು ಚಹಾ, ಆಮೇಲೆ ಸಂದೇಹ ಎಂದು ಕಪ್ಪು ಪರದೆ ನುಡಿಯಿತು. ಆ ಸಂಜೆ ಲೋಟ ತೊಳೆಯುತ್ತ ಅಕ್ಕ ನನ್ನೊಡನೆ ಅಂದರು: “ನಾನು ವಾಕ್ಯ ಕೇಳಿದ್ದೆಲ್ಲ ಎಣ್ಣೆಯ ಸದ್ದಿನೊಟ್ಟಿಗೆ ಮಾರಾಯ. ಒಂದು ದಿನವಾದ್ರೂ ಕೂತು ಕೇಳ್ಬೇಕು, ಕೂತು ಹೇಳ್ಬೇಕು ಅಂತ ಉಂಟು.” ಇಂಥ ಮಾತಿಗೆ ನಾನೇನು ಮಾಡಿದೆ ಗೊತ್ತೇ? ಕುಕ್ಕರಿನ ಸೀಟಿಯ ಅನುಕರಣೆ ಮಾಡಿ ನಗಿಸಿ, ಉಳಿದ ಎರಡು ಪಳಂಪೊರಿ ಕಟ್ಟಿಸಿಕೊಂಡು ಹೊರಟೆ.

ಮುಂದಿನ ವಾರ ಆಫೀಸಿನ ಕೆಲಸಕ್ಕೆ ಕೊಚ್ಚಿಗೆ ಹೋಗಿ ಅಂಕಲ್ ಮನೆಯಲ್ಲೇ ಉಳಿದಿದ್ದೆ. ಶನಿವಾರ ಅವರ ಹಲ್ಲು ಕೀಳಿಸಿದ್ದರಿಂದ ಬಾಯಿಗೆ ಹತ್ತಿ. ಇವತ್ತು ತಾನು ಬರುವುದಿಲ್ಲವೆಂದು ಎಲ್ಲರಿಗೂ ತಿಳಿಸು ಎಂದು ಸನ್ನೆಯಲ್ಲೇ ಹೇಳಿ, ಫೋನು ನನ್ನ ಕೈಗಿತ್ತು, ಮಾತ್ರೆ ನುಂಗಿ ಮಲಗಿದರು. ಅಂದಿನ ಭಾಗ ಯೋಹಾನನ ಸುವಾರ್ತೆಯ ಕೊನೆಯದು: ಸತ್ತು ಎದ್ದ ಯೇಸು ಮುಂಜಾನೆ ಸರೋವರದ ದಡದಲ್ಲಿ ನಿಂತಿದ್ದಾನೆ, ರಾತ್ರಿಯೆಲ್ಲ ಬಲೆ ಬೀಸಿ ಸೋತ ಶಿಷ್ಯರು ದಡಕ್ಕೆ ಬಂದರೆ ಅಲ್ಲಿ ಕೆಂಡದ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಅವನೇ ಬಡಿಸುತ್ತಾನೆ. ಫೋನಿನೊಳಗಿಂದ ಅಕ್ಕನ ಎಣ್ಣೆಯ ಚೊರ್ ಸದ್ದು ಕೇಳುತ್ತಲೇ ಇತ್ತು. ಎಲ್ಲರ ಸರದಿ ಮುಗಿದು ಅಂಕಲ್ ಸರದಿ ಬಂತು. ನಾನು ಅಂಕಲ್ ಬರುವುದಿಲ್ಲವೆಂದು ಹೇಳಲು ಬಾಯಿ ತೆರೆದೆ. ಬಂದದ್ದು ಕೆಮ್ಮು, ಕೆಮ್ಮಿನ ಹಿಂದೆಯೇ ಧಾರವಾಡ.

“ಪ್ರಿಯರೇ, ಇಲ್ಲಿ ಮೂರು ಮಾತು ಅದಾವ ನೋಡ್ರಿ.” ಮೊದಲನೆಯದನ್ನೂ ಎರಡನೆಯದನ್ನೂ ಅವರ ಹಾಗೆಯೇ ಕಾಡಿಗೆ ಹೊಗಿಸಿ ಬಂದೆ. ಮೂರನೆಯದನ್ನು ಹೇಳಿಯೇಬಿಟ್ಟೆ: ಮರಣವನ್ನು ಗೆದ್ದು ಬಂದ ಕರ್ತನೇ ಕೆಂಡ ಊದಿ ಮೀನು ಸುಟ್ಟು ಬಡಿಸಿದ ಮೇಲೆ, ಗಂಡಸರು ಪಟ್ಟಾಗಿ ಕೂತು ಅರ್ಥ ಹುಡುಕುವುದೂ ಹೆಂಗಸರು ಒಳಗೆ ಕರಿಯುವುದೂ ಯಾವ ಸುವಾರ್ತೆಯಲ್ಲಿದೆ? ಬರುವ ವಾರದಿಂದ ಒಲೆ ಗಂಡಸರದು, ಶಾಲಿನಿ ಕೂತು ಮಾತಾಡಲಿ. ತಲೆ ಎತ್ತಿದರೆ ಅಂಕಲ್‌ರ ಹೆಂಡತಿ ಕಮಲಾ ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಂದೂ ಕೊಡದ ದೊಡ್ಡ ಲೋಟದಲ್ಲಿ ನನಗೆ ಚಹಾ ತಂದಿಟ್ಟರು.

ಗುಡುಗಿದ್ದು ಸೀನಾಯಿ ಬೆಟ್ಟವಾದ್ದರಿಂದ ಶ್ರೀಕಾರ್ಯಂನ ಗಂಡಸರು ತಕರಾರಿಲ್ಲದೆ ಒಲೆಗೆ ನಡೆದರು. ನಾನೂ ಹಿಂತಿರುಗಿ ಸೌಟು ಹಿಡಿದೆ. ಮೊದಲ ಶನಿವಾರದ ಚಹಾ ಕಷಾಯದಂತಿತ್ತು, ಪಳಂಪೊರಿ ಹೊರಗೆ ಇದ್ದಿಲು, ಒಳಗೆ ಹಸಿ. ಆದರೆ ಅಕ್ಕ ಕೈಯೊರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಅದೇ ಕೆಂಡದ ಭಾಗವನ್ನು ಮತ್ತೊಮ್ಮೆ ಓದಿಸಿ, ತಮ್ಮ ಸರದಿಯಲ್ಲಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಶಿಷ್ಯ ಪೇತ್ರ ಅಂಗಳದಲ್ಲಿ ಚಳಿ ಕಾಯಿಸುತ್ತ, ಅವನಾರೋ ನನಗೆ ಗೊತ್ತಿಲ್ಲ ಎಂದದ್ದೂ ಕೆಂಡದ ಬೆಂಕಿಯ ಮುಂದೆಯೇ. ಸರೋವರದ ದಡದಲ್ಲಿ ಆ ಹೊಗೆಯ ವಾಸನೆ ಮೂಗಿಗೆ ತಾಗಿದ ಕೂಡಲೇ ಪೇತ್ರನಿಗೆ ಆ ರಾತ್ರಿ ನೆನಪಾಗಿರಬೇಕು. ಆದರೆ ಕರ್ತ ಅದನ್ನೆತ್ತಿ ಬಯ್ಯಲಿಲ್ಲ, ಅದೇ ಬೆಂಕಿಯ ಮೇಲೆ ಅವನಿಗೆ ತಿಂಡಿ ಮಾಡಿಕೊಟ್ಟ. ಇಷ್ಟು ಹೇಳಿ ಅಕ್ಕ ಪುಸ್ತಕ ಮುಚ್ಚಿದರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನ ಹಿಂದೆ ಒಂದು ಬಾಣಲೆ ಪೂರ್ತಿ ಕರಕಾಯಿತು, ಯಾರಿಗೂ ಗೊತ್ತಾಗಲಿಲ್ಲ.

ನೀವು ಹೇಳಬಹುದು, ಮೋಸ ಮೋಸವೇ. ಹೌದು, ದನಿಯ ಲೆಕ್ಕದಲ್ಲಿ ನಾನು ಕಳ್ಳ, ಕೈ ಮುಗಿಯುತ್ತೇನೆ. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೆಂದರೆ ತೆಗೆದುಕೊಳ್ಳಲಾರೆ. ಆಫೀಸಿನಲ್ಲಿ ನಾನು ಹೇಳಿದಾಗ ಎಲ್ಲರೂ ಆಕಳಿಸಿದ ಸಲಹೆಗೇ ಮ್ಯಾನೇಜರು ಹೇಳಿದಾಗ ಚಪ್ಪಾಳೆ ಬೀಳುತ್ತದೆ; ಮನೆಯಲ್ಲಿ ಅಕ್ಕ ಕೇಳಿದರೆ ಸಂದೇಹ, ಅಂಕಲ್ ಕೆಮ್ಮಿದರೆ ಸತ್ಯ. ನಾವು ಅರ್ಥಕ್ಕೆ ಮಣಿಯುವವರಲ್ಲ ಸ್ವಾಮಿ, ಗಂಟಲಿಗೆ ಮಣಿಯುವವರು. ಅಷ್ಟಕ್ಕೂ ಆ ಸರೋವರದ ದಡದಲ್ಲಿ ನಮ್ಮಲ್ಲಿ ಯಾರಿದ್ದರು? ಅಂದಿನಿಂದ ಇಂದಿನವರೆಗೆ ಬೈಬಲ್ ಬಿಡಿಸಿ ಅರ್ಥ ಹೇಳಿದ ಪ್ರತಿಯೊಬ್ಬನೂ ಇನ್ನೊಬ್ಬನ ಮಾತನ್ನು ತನ್ನ ಬಾಯಲ್ಲಿ ಆಡಿದವನೇ, ಬಿಷಪ್ಪರೂ, ಅಂಕಲ್ಲೂ. ನನ್ನದು ಕೊಂಚ ಹೆಚ್ಚು ಹೋಲುತ್ತದೆ, ಅಷ್ಟೇ.

ಹಲ್ಲಿನ ಗಾಯ ಮಾಯುವವರೆಗೆ ಅಂಕಲ್ ಸಭೆಗೆ ಬರಲಿಲ್ಲ. ಮಾಯ್ದ ಮೇಲೆ ಖುದ್ದಾಗಿ ರೈಲು ಹತ್ತಿ ಬಂದರು. ತಂಪಾನೂರಿನ ರೈಲು ನಿಲ್ದಾಣದಿಂದ ಆಟೋದಲ್ಲಿ ಕರೆತಂದವನು ನಾನೇ. ದಾರಿಯುದ್ದಕ್ಕೂ, ಜೀವಮಾನದಲ್ಲಿ ಮೊದಲ ಬಾರಿಗೆ, ನನ್ನದೇ ದನಿಯಲ್ಲಿ ಮಾತಾಡಿದೆ. ಒಳಗೆ ಬಂದರೆ ಮುಖ್ಯ ಕುರ್ಚಿಯಲ್ಲಿ ಅಕ್ಕ, ಒಲೆಯ ಬಳಿ ಬೆವರುವ ಗಂಡಸರು. ಇದೇನೆಂದು ಕೇಳಿದರು. ನೀವೇ ಹೇಳಿದ್ದಲ್ಲವೇ ಅಂಕಲ್, ಹಲ್ಲು ಕೀಳಿಸಿದ ಶನಿವಾರ, ಮೂರನೆಯ ಮಾತು ಎಂದು ಎಲ್ಲರೂ ಭಕ್ತಿಯಿಂದ ನೆನಪಿಸಿದರು. ಅವತ್ತು ನನ್ನ ಬಾಯಾಗ ಹತ್ತಿ ಇತ್ತು ಎಂದರು ಅಂಕಲ್. ಮನೆಯ ಕಣ್ಣುಗಳೆಲ್ಲ ಸೌಟು ಹಿಡಿದವನ ಕಡೆ ತಿರುಗಿದವು. ನಾನು ಒಪ್ಪಿಕೊಂಡೆ. ಕ್ಷಮೆ ಕೇಳಿದೆ, ದನಿಗೆ. ಮಾತಿಗಲ್ಲ ಎಂದೂ ಸೇರಿಸಿದೆ.

ಅಂಕಲ್‌ರ ಮುಖ ಕೆಂಪಾಯಿತು. “ಕಳ್ಳ ಬಾಯಿಂದ ಬಂದ ಅರ್ಥ ಅರ್ಥ ಅಲ್ಲ. ಎಲ್ಲಾ ಮೊದಲಿನಂಗ ನಡೀಲಿ. ಶಾಲಿನಿ, ಏಳವಾ, ಆ ಸೌಟು ಇಸ್ಕೊ.”

ನಾನು ಸೌಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ. ಸಡಿಲ ಹಿಡಿ ಕಿರುಗುಟ್ಟಿತು. ಅದು ಆಗ ನನಗೆ ಸೌಟಾಗಿ ಕಾಣಲಿಲ್ಲ. ಅದು ಕೈ ಬದಲಾದರೆ ಆ ಕುರ್ಚಿ ಮತ್ತೆ ಖಾಲಿಯಾಗುತ್ತಿತ್ತು. ಆದರೆ ಅಕ್ಕ ಏಳಲೇ ಇಲ್ಲ. ಕೂತಲ್ಲಿಂದಲೇ ಒಂದು ಉತ್ತರ ಕೊಟ್ಟರು. ಅದನ್ನು ಕೇಳಿದ ಅಂಕಲ್ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಅಂದಿನಿಂದ ಇಂದಿನವರೆಗೆ ಆ ವಿಷಯ ಎತ್ತಿಲ್ಲ, ಸೌಟು ನನ್ನ ಕೈ ಬಿಟ್ಟಿಲ್ಲ. ಅಕ್ಕ ಹೇಳಿದ್ದು ಅಕ್ಷರಶಃ ಇಷ್ಟು:

“ಬಿಳಾಮನ ಹತ್ತಿರ ಮಾತಾಡಿದ್ದು ಕತ್ತೆ ಅಂತ ನಾವು ಆ ಅಧ್ಯಾಯ ಹರಿದು ಬಿಸಾಡಿದ್ದೇವಾ ಅಂಕಲ್? ನೀವು ಹೀಗೆ ಬನ್ನಿ, ಕೂತ್ಕೊಳ್ಳಿ. ಪಳಂಪೊರಿ ಕತ್ತೆ ಕರೀತದೆ.”