ಸಪ್ಪೆಯಣ್ಣ ಹಾಕಿದ ಉಪ್ಪು

ಸಿನಿಮಾದಲ್ಲಿ ಕಾಣುವ ಊಟವನ್ನು ಮಾಡಿಕೊಡುವುದೇ ಅವನ ಕಸುಬು. ಉಪ್ಪು ಬಿದ್ದರೆ ತರಕಾರಿ ನೀರು ಬಿಟ್ಟು ಬಾಡುತ್ತದೆ. ಕ್ಯಾಮೆರಾಕ್ಕೇನು ನಾಲಿಗೆ ಇದೆಯೇ? ಹೀಗೆ ಇಪ್ಪತ್ತು ವರ್ಷ ಉಪ್ಪಿಲ್ಲದೆ ಬೇಯಿಸಿ, ಸೆಟ್ಟಿನವರ ಬಾಯಲ್ಲಿ ಸಪ್ಪೆಯಣ್ಣನಾದ. ನಟರು ಒಂದು ತುತ್ತು ತಿಂದು ಬಾಯಿ ಚಪ್ಪರಿಸುತ್ತಿದ್ದರು, ಶಾಟ್ ಮುಗಿದೊಡನೆ ಉಗಿಯುತ್ತಿದ್ದರು.

ಒಂದು ದಿನ ಅವನಿಗೆ ರೇಗಿತು. ಅಜ್ಜನ ಪಾತ್ರ ಮಾಡುತ್ತಿದ್ದ ಹಿರಿಯರ ಸೂಪಿಗೆ ಉಪ್ಪು, ಮೆಣಸು ಹಾಕಿಯೇಬಿಟ್ಟ. ಅವರು ಡೈಲಾಗ್ ಮರೆತು ಬಟ್ಟಲು ಬರಿದು ಮಾಡಿ, "ಇನ್ನೊಂಚೂರು ಹಾಕಪ್ಪಾ" ಎಂದರು.

ನಿರ್ದೇಶಕರು ಕೆಂಡಾಮಂಡಲವಾದರು. "ಯಾರ್ರೀ ಇದನ್ನ ಇಷ್ಟು ರುಚಿಯಾಗಿ ಮಾಡಿದ್ದು? ಶಾಟ್ ಹಾಳಾಯ್ತು!"

ಮನೆಗೆ ಹೋದವನೇ ಆ ಬೈಗುಳವನ್ನು ಒಂದಕ್ಷರ ಬಿಡದೆ ಹೆಂಡತಿಗೆ ಮೂರು ಸಲ ಹೇಳಿದ.