ದಾಳಿಂಬೆ ಡಾಬು ಮತ್ತು ಆರು ಮೊಟ್ಟೆ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹಗಲು ರೈಲಿನಲ್ಲಿ ಹನ್ನೊಂದು ಗಂಟೆ. ಅಷ್ಟೂ ಹೊತ್ತು ನನ್ನ ತೊಡೆಯ ಮೇಲೆ ಬೇರೆಯವರ ಮಗಳ ಮದುವೆ ಕೂತಿತ್ತು.

ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿ ಅರ್ಮೇನಿಯಾದವರು. ಗ್ಯಾರೇಜಿನಲ್ಲಿ ಕೂತು ಕೈಯಿಂದಲೇ ಬೆಳ್ಳಿಯ ದಾಳಿಂಬೆ ಪದಕ, ದಾಳಿಂಬೆ ಓಲೆ ಮಾಡಿ ವೀಕೆಂಡ್ ಮಾರ್ಕೆಟ್‌ನಲ್ಲಿ ಮಾರುತ್ತಾರೆ. ಮಗಳ ಮದುವೆಗೆಂದು ನಾಲ್ಕು ತಿಂಗಳು ಕೂತು ಬೆಳ್ಳಿ ದಾಳಿಂಬೆಗಳ ಒಂದು ಸೊಂಟಪಟ್ಟಿ ಮಾಡಿದ್ದರು. ನೋಡಿದರೆ ಥೇಟ್ ನಮ್ಮ ಡಾಬು. ಅವರಜ್ಜಿ ಊರು ಬಿಟ್ಟು ಓಡುವಾಗ ಡಾಬು ಕಳೆದುಹೋಗಿ, ಉಳಿದದ್ದು ಅದನ್ನು ಕಟ್ಟಿಕೊಂಡಿದ್ದ ಒಂದು ಫೋಟೋ. ಅದನ್ನು ನೋಡಿಕೊಂಡೇ ಇದನ್ನು ಮಾಡಿದ್ದು.

ಮದುವೆ ಮೆಲ್ಬರ್ನ್‌ನಲ್ಲಿ, ಶನಿವಾರ. ಆಂಟಿ ಹೊರಡುವುದು ಶುಕ್ರವಾರ. ಮದುಮಗಳು ಗುರುವಾರವೇ ಕಟ್ಟಿ ಅಳತೆ ನೋಡಬೇಕಿತ್ತು. ನಾನು ಬುಧವಾರ ಮೆಲ್ಬರ್ನ್ ಪಕ್ಕದ ಕ್ರೇಗಿಬರ್ನ್‌ನ ಅಣ್ಣನ ಮನೆಗೆ ಹೊರಟಿದ್ದೆ.

"ದಾರೀಲಿ ಬಿಚ್ಚಬೇಡ, ಜಾನ್," ಎಂದು ಆಂಟಿ ಡಾಬಿನ ಪೊಟ್ಟಣ ಕೊಟ್ಟರು. ಜಾನ್ ಅಂದರೆ ಅವರಲ್ಲಿ ನಮ್ಮ 'ಮರಿ' ಇದ್ದ ಹಾಗೆ.

ಬೇಡ ಅಂದರೆ ನನ್ನ ಬೆರಳು ತುರಿಸುತ್ತದೆ. ಗೋಲ್ಬರ್ನ್ ದಾಟುವಷ್ಟರಲ್ಲಿ ಏಳು ಸಲ ಸೀಟಿನಿಂದ ಎದ್ದು ಕೂತಿದ್ದೆ. ವಾಗಾ ಸ್ಟೇಷನ್ನಿನಲ್ಲಿ ಬಿಚ್ಚಿಯೇಬಿಟ್ಟೆ.

ಕಪ್ಪು! ಹದಿನೈದು ದಿನದ ಹಿಂದೆ ಗ್ಯಾರೇಜಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಡಾಬಿನ ಪ್ರತಿ ದಾಳಿಂಬೆಯ ಸಂದಿಯಲ್ಲೂ ಮಸಿ. ಬ್ಯಾಗಿನಲ್ಲಿ ಅದಕ್ಕೆ ಒತ್ತಿಕೊಂಡೇ ನನ್ನ ಬುತ್ತಿ: ಬೇಯಿಸಿದ ಆರು ಮೊಟ್ಟೆ. ಮೊಟ್ಟೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಇಡೀ ಜೀವನದಲ್ಲಿ ನನಗೆ ನೆನಪುಳಿದ ಕೆಮಿಸ್ಟ್ರಿ ಅದೊಂದೇ. ಸಾಕ್ಷಿ ನಾಶ ಮಾಡುವ ಕಳ್ಳನಂತೆ ಆರನ್ನೂ ಒಟ್ಟಿಗೆ ತಿಂದೆ.

ಬೆಳ್ಳಿ ಕಪ್ಪಾದರೆ ನಮ್ಮ ಮನೆಯಲ್ಲಿ ವಿಭೂತಿ. ಗೌರಿ ಹಬ್ಬಕ್ಕೆ ದೀಪ, ಕುಂಕುಮದ ಬಟ್ಟಲು ಉಜ್ಜಿ ಬೆಳೆದ ಕೈ ಇದು. ಗುರುವಾರ ಬೆಳಿಗ್ಗೆ ಅತ್ತಿಗೆಯ ದೇವರ ಗೂಡಿನ ವಿಭೂತಿ ಮುಗಿಸಿ, ಸಾಲದೆ ಟೂತ್‌ಪೇಸ್ಟ್ ಹಾಕಿ, ಹಳೇ ಬ್ರಶ್ಶಿನಲ್ಲಿ ಎರಡು ಗಂಟೆ ತಿಕ್ಕಿದೆ. ಡಾಬು ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ.

ಅಳತೆ ನೋಡಲು ಮದುಮಗಳು ಅಣ್ಣನ ಮನೆಗೇ ಬಂದಳು. ಹೆಮ್ಮೆಯಿಂದ ಕೈಗಿಟ್ಟೆ. ಅವಳ ಮುಖದ ನಗು ಹಾಗೇ ನಿಂತಿತು.

"ಕಪ್ಪೆಲ್ಲಿ?"

"ಹೋಯ್ತು! ಪೂರ್ತಿ ತೆಗೆದೆ."

"ಅದು ಅಮ್ಮ ಕೊನೇಲಿ ಬೇಕಂತಲೇ ಹಾಕಿದ್ದು. ಕಪ್ಪಿದ್ರೇನೇ ದಾಳಿಂಬೆ ಕಾಣೋದು. ಮುತ್ತಜ್ಜಿ ಫೋಟೋದಲ್ಲಿ ಹಾಗೇ ಇದೆ." ಸೋಫಾದ ಮೇಲೆ ಕುಸಿದು ಕೂತಳು.

ಅತ್ತಿಗೆ ಅಡುಗೆಮನೆಯಿಂದ ಇಣುಕಿದರು. "ನಮ್ಮನೇಲಿ ಒಂದ್ ಲೋಟ ತೊಳಿಯಲ್ಲ ಕಣೋ ನೀನು. ಇವತ್ತೇ ಮೈ ಬಗ್ಗಿಸ್ಬೇಕಿತ್ತಾ?"

ನನಗೆ ಹಿತ್ತಿಲ ಬಾಗಿಲು ಕಣ್ಣಿಗೆ ಬಿತ್ತು. ಎರಡು ಹೆಜ್ಜೆ ಇಟ್ಟೂ ಇಟ್ಟೆ. ಹುಡುಗಿ ಡಾಬನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ವಾಪಸ್ ಬಂದು ಆಂಟಿಗೆ ವಿಡಿಯೋ ಕಾಲ್ ಮಾಡಿ ಮೊಟ್ಟೆಯಿಂದ ಟೂತ್‌ಪೇಸ್ಟ್‌ವರೆಗೆ ಎಲ್ಲ ಒಪ್ಪಿಸಿದೆ.

ಆಂಟಿ ಡಾಬನ್ನು ಫೋನಿನ ಹತ್ತಿರ ಹಿಡಿಸಿ ನೋಡಿದರು. ಆಮೇಲೆ ಕೇಳಿದರು, "ಆ ಮೊಟ್ಟೆ ಇದೆಯಾ, ಜಾನ್?"

"ತಿಂದ್ಬಿಟ್ಟೆ ಆಂಟಿ."

"ಬೇರೆ ಬೇಯಿಸು. ಬಿಸಿಬಿಸಿ ಕುಯ್ದು, ಡಾಬಿನ ಜೊತೆ ಡಬ್ಬೀಲಿಟ್ಟು ಬಿಗಿಯಾಗಿ ಮುಚ್ಚು. ಕಪ್ಪಾಗ್ಲಿ. ಆಮೇಲೆ ಉಬ್ಬಿದ ಕಡೆ ಮಾತ್ರ ಬಟ್ಟೇಲಿ ಒರೆಸು. ಸಂದಿ ಮುಟ್ಟಬೇಡ. ಕೇಳಿಸ್ತಾ? ಸಂದಿ ಮುಟ್ಟಬೇಡ!"

ಅತ್ತಿಗೆ ಒಂದು ಡಜನ್ ಬೇಯಿಸಿದರು. ನಾನು ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯಲು ಹೋಗುವುದು ನೋಡಿ ಮದುಮಗಳು ಡಬ್ಬಿಯನ್ನು ತಬ್ಬಿಕೊಂಡೇ ಕೂತಳು. ನಾನು ಹಾಲ್‌ನಲ್ಲಿ ಅತ್ತಿಂದಿತ್ತ ನಡೆದೆ. ಅತ್ತಿಗೆಯ ಕಾರ್ಪೆಟ್ ಸವೆದಿದ್ದರೆ ಅದು ಅವತ್ತೇ.

ಮಧ್ಯಾಹ್ನ ಕಳೆದು ತೆಗೆದಾಗ ಪೂರ್ತಿ ಕಪ್ಪು. ಅವಳೇ ಒಂದೊಂದಾಗಿ ಒರೆಸುತ್ತಾ ಹೋದಳು. ಸಂದಿಯಲ್ಲಿ ಕತ್ತಲೆ ನಿಂತು, ಮೇಲೆ ಬೆಳ್ಳಿ ಎದ್ದು, ದಾಳಿಂಬೆಗಳು ಮತ್ತೆ ಕಾಳು ಬಿಟ್ಟವು. ಉಗುರಿನಷ್ಟೂ ಮುಟ್ಟಲು ನನಗೆ ಬಿಡಲಿಲ್ಲ. ಕೊನೆಗೆ ಒಂದೇ ಒಂದು ಉಳಿಯಿತು.

"ಇದು ಬೆನ್ನ ಹಿಂದೆ ಬರೋದು. ಇದೊಂದು ನೀನು ಮಾಡು," ಎಂದು ಬಟ್ಟೆ ಕೊಟ್ಟಳು. ಉಸಿರು ಬಿಗಿಹಿಡಿದು ಒರೆಸಿದೆ.

ಶನಿವಾರ ಆಂಟಿ ಮಗಳ ಸೊಂಟಕ್ಕೆ ಡಾಬು ಕಟ್ಟಿ, ಫೋಟೋವನ್ನು ಪಕ್ಕ ಹಿಡಿದು ನೋಡಿ, ಕಣ್ಣೊರೆಸಿಕೊಂಡರು. ಆಮೇಲೆ ಸುತ್ತಲೂ ಹೆಬ್ಬೆರಳು ಆಡಿಸಿಕೊಂಡು ಬಂದರು. ಹಿಂದಿನ ದಾಳಿಂಬೆಯ ಹತ್ತಿರ ಹೆಬ್ಬೆರಳು ನಿಂತಿತು.

"ಸಂದಿ ಮುಟ್ಟಿದೀಯ," ಎಂದರು ನನ್ನತ್ತ ತಿರುಗದೆ.

ಚರ್ಚಿನಲ್ಲಿ ನನಗೆ ಸಿಕ್ಕಿದ್ದು ಕೊನೆಯ ಸಾಲು. ಮದುಮಗಳು ಇಡೀ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದಳು. ಆ ಮದುವೆಯಲ್ಲಿ ನಾನು ಸರಿಯಾಗಿ ನೋಡಿದ್ದು ಅದೊಂದು ಬೋಳು ದಾಳಿಂಬೆಯನ್ನು.